ಗೋಲಾಗದ ಮ್ಯಾಚೂ ನಿಂಬೆಹಣ್ಣೂ

ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ ಈಚೆಗೆ ಒಂದು ಫುಟ್‌ಬಾಲ್ ಮ್ಯಾಚ್ ನೋಡಿದೆ. 0-0. ಎರಡೂ ಕಡೆಯವರು ಚೆಂಡನ್ನು ಹಿಂದಕ್ಕೂ ಅಡ್ಡಕ್ಕೂ ತಳ್ಳುತ್ತಾ ಕಾಲ ಕಳೆದರು. ಒಂದೇ ಒಂದು ಸಲ ಚೆಂಡು ಗೋಲ್‌ಕೀಪರನ್ನು ದಾಟಿ ಹೋಯಿತು. ಅದೂ ಗೆರೆಗೆ ಒಂದು ಗೇಣು ಇರುವಾಗ ಕೆಸರಲ್ಲಿ ಹೂತು ನಿಂತಿತು. ಪಕ್ಕದಲ್ಲಿದ್ದ ಹಿರಿಯರು ತೀರ್ಪು ಕೊಟ್ಟೇಬಿಟ್ಟರು: "ಯಾರೋ ಪೋಸ್ಟ್ ಹತ್ರ ನಿಂಬೆಹಣ್ಣು ಹೂತಿದ್ದಾರೆ ಕಣಪ್ಪ, ಬಾಲ್ ಒಳಗೆ ಹೋಗಲ್ಲ."

ನಿಂಬೆಹಣ್ಣು ಬೇಕಿಲ್ಲ, ಒಂದು ಗುಣಾಕಾರ ಸಾಕು. 2022ರ ವರ್ಲ್ಡ್ ಕಪ್‌ನಲ್ಲಿ 64 ಮ್ಯಾಚಿಗೆ 172 ಗೋಲು ಬಂದವು. ಮ್ಯಾಚಿಗೆ ಸುಮಾರು 2.7. ಇದನ್ನು 90 ನಿಮಿಷಕ್ಕೆ ಹಂಚಿದರೆ, ಒಂದು ನಿಮಿಷದಲ್ಲಿ ಗೋಲಾಗುವ ಸಾಧ್ಯತೆ ಶೇ. 3. ಆಗದಿರುವ ಸಾಧ್ಯತೆ ಶೇ. 97. ಈಗ 0.97 ಅನ್ನು 90 ಸಲ ಗುಣಿಸಿ. 0.065ರ ಹತ್ತಿರ ಬರುತ್ತದೆ. ಯಾರ ಕಣ್ಣೂ ತಾಗದಿದ್ದರೂ ನೂರು ಮ್ಯಾಚಲ್ಲಿ ಆರೇಳು ಹೀಗೇ ಸಪ್ಪೆಯಾಗಿ ಮುಗಿಯುತ್ತವೆ. 75ನೇ ನಿಮಿಷದವರೆಗೂ ಗೋಲಿಲ್ಲ ಅಂದರೆ, ಕೊನೆಗೂ ಇಲ್ಲದಿರುವ ಸಾಧ್ಯತೆ ಶೇ. 63. ಬಸ್ಸಿಗೆ ಹೊರಟವರನ್ನು ಬೈಯಬೇಡಿ.

ಆ 2022ರಲ್ಲಿ 0-0 ಆದದ್ದು 7 ಮ್ಯಾಚ್. ಅದರ ಹಿಂದಿನ 2018ರಲ್ಲಿ ಒಟ್ಟು 169 ಗೋಲು, ಸರಾಸರಿ ಹೆಚ್ಚುಕಮ್ಮಿ ಅಷ್ಟೇ. ಆದರೆ 0-0 ಆದದ್ದು ಒಂದೇ, ಡೆನ್ಮಾರ್ಕ್–ಫ್ರಾನ್ಸ್. ಎರಡೂ ಸೇರಿ 8. ನಮ್ಮ ಲೆಕ್ಕದಲ್ಲೂ ಎಂಟೋ ಒಂಬತ್ತೋ! ಮಳೆ ಶುರುವಾದಾಗ ಅಂಗಳದ ಚಪ್ಪಡಿಗಳನ್ನು ನೋಡಿ. ಒಂದರ ಮೇಲೆ ನಾಲ್ಕು ಹನಿ ಬಿದ್ದಿರುತ್ತವೆ, ಪಕ್ಕದ್ದು ಒಣಗಿಯೇ ಇರುತ್ತದೆ. ಒಣ ಚಪ್ಪಡಿಗೆ ಯಾರೂ ಮಾಟ ಮಾಡಿರುವುದಿಲ್ಲ, ಅಲ್ವಾ?

ಇಂಥ ಅಪರೂಪದ ಘಟನೆಗಳ ಗಣಿತವನ್ನು ಫ್ರಾನ್ಸಿನ ಪ್ವಾಸೋನ್ 1837ರಲ್ಲೇ ಬರೆದಿಟ್ಟಿದ್ದ. ಅದಕ್ಕೆ ಹೆಸರು ತಂದುಕೊಟ್ಟದ್ದು ಮಾತ್ರ ಕುದುರೆಗಳು. ಬೋರ್ಟ್‌ಕೀವಿಚ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1898ರಲ್ಲಿ ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಪಟ್ಟಿ ಹಿಡಿದು ಕೂತ. 10 ದಳ, 20 ವರ್ಷ. ಒಂದು ದಳದ ಒಂದು ವರ್ಷಕ್ಕೆ ಒಂದು ಮನೆ ಅಂದರೆ ಪಟ್ಟಿಯಲ್ಲಿ 200 ಮನೆ, ಒಟ್ಟು 122 ಸಾವು. ಒಂದೂ ಸಾವಿಲ್ಲದ ಮನೆ ಎಷ್ಟಿರಬೇಕು ಅಂತ ಪ್ವಾಸೋನ್ ಸೂತ್ರವನ್ನು ಕೇಳಿದರೆ 109 ಅನ್ನುತ್ತದೆ. ಪಟ್ಟಿಯಲ್ಲಿ ಇದ್ದದ್ದೂ 109. ನನಗಂತೂ ಇದು ಯಾವ ಗೋಲಿಗಿಂತಲೂ ಜಾಸ್ತಿ ಖುಷಿ ಕೊಡುತ್ತದೆ.

ಹಾಗಂತ ಎಲ್ಲವೂ ಅದೃಷ್ಟ ಅಲ್ಲ. ಸರಾಸರಿ ಎಷ್ಟಿರಬೇಕು ಅನ್ನುವುದು ಆಟಗಾರರ ಕೈಯಲ್ಲೇ ಇದೆ. 2.5 ಗೋಲು ಬರಬಹುದಾದ ಮ್ಯಾಚಲ್ಲಿ 0-0 ಆಗುವುದು ಹನ್ನೆರಡಕ್ಕೊಂದು. ಇಬ್ಬರೂ ಹಿಂದೆ ಸರಿದು, ಹುಷಾರಾಗಿ ಆಡಿ, ಅದನ್ನು 1.25ಕ್ಕೆ ಇಳಿಸಿದರೋ, ಏಳಕ್ಕೆ ಎರಡು! ಬಲ ಕಮ್ಮಿ ಇರುವ ಟೀಮಿಗೆ ಇದು ಹೇಡಿತನ ಅಲ್ಲ, ಒಳ್ಳೆ ವ್ಯಾಪಾರ. ಅದಕ್ಕೇ ಅವತ್ತಿನ ಮ್ಯಾಚ್ ನನಗೆ ಬೋರಾಗಲಿಲ್ಲ. ಎಡಬದಿಯ ರಕ್ಷಣೆಗೆ ನಿಂತ ಲೆಫ್ಟ್ ಬ್ಯಾಕ್ ಹುಡುಗ ಮುಂದೆ ಓಡುವ ಆಸೆಯನ್ನು ಪ್ರತಿ ಸಲ ನುಂಗಿಕೊಳ್ಳುವುದನ್ನೇ ನೋಡುತ್ತಾ ಕೂತಿದ್ದೆ.

ಈ ವ್ಯಾಪಾರ ಮಿತಿಮೀರಿದ್ದು 1990ರ ವರ್ಲ್ಡ್ ಕಪ್‌ನಲ್ಲಿ. 52 ಮ್ಯಾಚಿಗೆ ಬರೀ 115 ಗೋಲು. ಆಮೇಲೆ 1992ರಲ್ಲಿ, ತಮ್ಮವರು ಬೇಕಂತಲೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂದರು. 1994ರ ವರ್ಲ್ಡ್ ಕಪ್‌ನಲ್ಲಿ ಗುಂಪು ಹಂತದ ಗೆಲುವಿಗೆ 2ರ ಬದಲು 3 ಪಾಯಿಂಟ್ ಕೊಟ್ಟರು. ಅಷ್ಟೇ ಮ್ಯಾಚಿಗೆ ಗೋಲು 141ಕ್ಕೆ ಏರಿತು. ಫೈನಲ್‌ನಲ್ಲಿ ಮಾತ್ರ ಪಾಯಿಂಟಿನ ಲೆಕ್ಕವೇ ಇಲ್ಲವಲ್ಲ! ಬ್ರೆಜಿಲ್, ಇಟಲಿ 120 ನಿಮಿಷ ಆಡಿದರೂ 0-0. ವರ್ಲ್ಡ್ ಕಪ್ ಫೈನಲ್ ಒಂದೂ ಗೋಲಿಲ್ಲದೆ ಪೆನಾಲ್ಟಿಗೆ ಹೋದದ್ದು ಅದೇ ಮೊದಲು.