ಸೈಕಲ್ಲು ವಿಮಾನ ಹತ್ತುವಾಗ ಟೈರಿನ ಗಾಳಿ ಪೂರ್ತಿ ಬಿಡಬೇಕೆ?

"ಸರ್, ಮುಂದಿನ ತಿಂಗಳು ರೋಡ್ ಬೈಕನ್ನ ವಿಮಾನದಾಗ ಒಯ್ಯಬೇಕು. ಹ್ಯಾಂಗ ಬಿಚ್ಚಿ ಪ್ಯಾಕ್ ಮಾಡೋದು? ಟೈರಿನ ಗಾಳಿ ಪೂರಾ ಬಿಡಬೇಕಂತೆ, ಇಲ್ಲಾಂದ್ರ ಮ್ಯಾಲೆ ಹೋದಾಗ ಸಿಡೀತಾವಂತೆ. ಖರೇನಾ?"

ಬಳ್ಳಾರಿಯವರು ಕೇಳಲಿ, ಗಂಗಾವತಿಯವರು ಕೇಳಲಿ, ರಾಯಚೂರಿನವರು ಕೇಳಲಿ, ಪ್ರಶ್ನೆ ಇದೇ. ಬಿಚ್ಚುವ ಕೆಲಸ ಒಂದು ತಾಸಿನದು, ಆಮೇಲೆ ಹೇಳುತ್ತೇನೆ. ಗಾಳಿಯ ಮಾತು ಮಾತ್ರ ಎಷ್ಟು ಸಲ ಹೇಳಿದರೂ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಖರೇ ಅಲ್ಲ. ಟೈರು ಸಿಡಿಯುವುದಿಲ್ಲ.

ಸೀಟುಗಳಿರುವ ಕಡೆ ಮಾತ್ರ ಗಾಳಿ ಒತ್ತಿ ತುಂಬಿರುತ್ತಾರೆ, ಕೆಳಗೆ ಲಗೇಜು ಇಡುವ ಕಡೆ ಹೊರಗಿನ ತೆಳುಗಾಳಿಯೇ ಇರುತ್ತದೆ ಎಂದು ಜನ ತಿಳಿದಿದ್ದಾರೆ. ಎಲ್ಲ ಗೊಂದಲ ಹುಟ್ಟುವುದು ಅಲ್ಲೇ. ಪ್ರಯಾಣಿಕರ ವಿಮಾನದ ಒಡಲು ಒಂದೇ ಡಬ್ಬಿ, ನಾವು ಕಾಲಿಡುವ ನೆಲ ಅದರೊಳಗಿನ ಒಂದು ಅಟ್ಟ. ಅಟ್ಟದ ಮೇಲೂ ಕೆಳಗೂ ಒತ್ತಡ ಸಮನಾಗಿಯೇ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1974ರಲ್ಲಿ ಪ್ಯಾರಿಸ್ ಹತ್ತಿರ ಜಗತ್ತು ನೋಡಿತು. ಡಿಸಿ-10 ವಿಮಾನವೊಂದರ ಸರಕಿನ ಬಾಗಿಲು ಹಾರುವಾಗಲೇ ಕಿತ್ತುಹೋಯಿತು, ಕೆಳಗಿನ ಒತ್ತಡ ಒಮ್ಮೆಲೇ ಇಳಿಯಿತು, ಮೇಲಿನ ನೆಲ ಕುಸಿದು ನಿಯಂತ್ರಣದ ಕೇಬಲ್‌ಗಳನ್ನು ಹಾಳುಗೆಡವಿತು. 346 ಜನ ತೀರಿಕೊಂಡರು. ಸಾಕಿದ ನಾಯಿಗಳನ್ನು ಸರಕಿನ ಕೋಣೆಯಲ್ಲೇ ಸಾಗಿಸುತ್ತಾರೆ. ಅಲ್ಲಿ ಗಾಳಿ ಇಲ್ಲದಿದ್ದರೆ ಅವು ಉಸಿರಾಡುವುದು ಹೇಗೆ?

ಹಾರಾಟದಲ್ಲಿ ಒಳಗಿನ ಒತ್ತಡ ಕೊಂಚ ಇಳಿಯುವುದು ನಿಜ. ಎಷ್ಟು? ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು. ಊಟಿ 2,240 ಮೀಟರ್, ದೊಡ್ಡಬೆಟ್ಟ 2,637 ಮೀಟರ್. ನಿಮ್ಮ ಟೈರು ವಿಮಾನದೊಳಗೆ ಕಾಣುವುದು ಊಟಿಯ ಗಾಳಿಯನ್ನು. ನಮ್ಮವರು ಸೈಕಲ್ ತುಳಿದೇ ಊಟಿ ಹತ್ತಿ ಬಂದಿದ್ದಾರೆ, ಘಟ್ಟದಲ್ಲಿ ನಿಂತು ಗಾಳಿ ಬಿಟ್ಟವರನ್ನು ನಾನು ನೋಡಿಲ್ಲ.

ಅಂಕಿ ಬೇಕೆ? ಬಳ್ಳಾರಿಯಲ್ಲಿ ವಾತಾವರಣದ ಒತ್ತಡ ಸುಮಾರು 14 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಒತ್ತಡದ ಅಳತೆ), ಹಾರುವ ವಿಮಾನದೊಳಗೆ ಸುಮಾರು 11. ಹೊರಗೆ 3 ಕಡಿಮೆಯಾದರೆ ಟೈರಿಗೆ 3 ಹೆಚ್ಚಿದಂತೆ, ಅಷ್ಟೇ. 80 ತುಂಬಿದ್ದು 83 ಆಗುತ್ತದೆ. ಹೊರಗೆ ಗಾಳಿಯೇ ಇಲ್ಲದ ಶೂನ್ಯದಲ್ಲಿಟ್ಟರೂ 94. ಸಾಮಾನ್ಯ 25 ಮಿಲಿಮೀಟರ್ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಓದಿ ನೋಡಿ, ಬಹುತೇಕ ಅದಕ್ಕಿಂತ ಮೇಲೇ ಇರುತ್ತದೆ.

ಈಗ ನಮ್ಮೂರಿನ ಬಿಸಿಲಿಗೆ ಬನ್ನಿ. ಬೆಳಿಗ್ಗೆ 30 ಡಿಗ್ರಿಯಲ್ಲಿ 80 ತುಂಬಿಸಿ, ಏಪ್ರಿಲ್ ಮಧ್ಯಾಹ್ನ ಡಾಂಬರಿನ ಮೇಲೆ ಸೈಕಲ್ ನಿಲ್ಲಿಸುತ್ತೀರಿ. ಟೈರು 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 89ಕ್ಕೆ ಏರುತ್ತದೆ. ವಿಮಾನ ಮೂರು ಏರಿಸಿದರೆ ಬಳ್ಳಾರಿಯ ಬಿಸಿಲು ಒಂಬತ್ತು ಏರಿಸುತ್ತದೆ. ಅದನ್ನು ಪ್ರತಿ ಬೇಸಿಗೆ ತಾಳಿಕೊಂಡ ಟೈರಿಗೆ ವಿಮಾನದಿಂದ ಭಯವಿಲ್ಲ.

ಪೂರ್ತಿ ಬಿಟ್ಟರೆ ನಷ್ಟ ನಿಮಗೇ. ಸೈಕಲ್ ಇಟ್ಟ ಡಬ್ಬಿಯನ್ನು ಎತ್ತಿ ಹಾಕುವಾಗ ರಿಮ್ಮಿಗೆ ಬೀಳುವ ಪೆಟ್ಟನ್ನು ತಡೆಯುವುದು ಟೈರಿನ ಗಾಳಿ. ಟ್ಯೂಬ್‌ಲೆಸ್ ಆಗಿದ್ದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿ, ತೂತು ಮುಚ್ಚಲು ಹಾಕಿರುವ ಸೀಲೆಂಟ್ ದ್ರವ ಡಬ್ಬಿಯೊಳಗೆ ಹರಿಯುತ್ತದೆ. ಆದರೂ ಕೌಂಟರಿನಲ್ಲಿ ಗಾಳಿ ಇಳಿಸಿ ಎಂದರೆ ವಾದಕ್ಕೆ ನಿಲ್ಲಬೇಡಿ, ಅದು ಅವರ ನಿಯಮ. ಮನೆಯಲ್ಲೇ 30–40ಕ್ಕೆ ಇಳಿಸಿ, ಬೆರಳಿಂದ ಒತ್ತಿದರೆ ಮೆತ್ತಗಿದೆ ಅನ್ನಿಸುವಂತೆ ಒಯ್ಯಿರಿ.

ಇನ್ನು ಬಿಚ್ಚುವುದು. ಹೊಸ ಸೈಕಲ್ ಬಂದ ರಟ್ಟಿನ ಡಬ್ಬಿಯನ್ನು ಅಂಗಡಿಯಲ್ಲಿ ಕೇಳಿ ತನ್ನಿ, ಜೊತೆಗೆ ಮುಂದಿನ ಚಕ್ರ ತೆಗೆದ ಮೇಲೆ ಅದನ್ನು ಹಿಡಿಯುವ ಫೋರ್ಕಿನ ಎರಡು ಕಾಲುಗಳ ನಡುವೆ ಇಡುವ ಪ್ಲಾಸ್ಟಿಕ್ ತುಂಡನ್ನೂ ಕೇಳಿ. ಅದಿಲ್ಲದೆ ಪಕ್ಕದಿಂದ ಒತ್ತು ಬಿದ್ದರೆ ಫೋರ್ಕಿನ ಕಾಲು ಬಾಗುತ್ತದೆ. 4, 5, 6 ಮತ್ತು 8 ಮಿಲಿಮೀಟರ್ ಅಲೆನ್ ಕೀ, ಪೆಡಲಿಗೆ 15ರ ಸ್ಪ್ಯಾನರ್ ಸಾಕು. ಸೀಟ್‌ಪೋಸ್ಟ್ ಎಳೆಯುವ ಮೊದಲು ಎತ್ತರಕ್ಕೆ ಟೇಪಿನ ಗುರುತು ಹಾಕಿ. ಹ್ಯಾಂಡಲ್ ಬಿಚ್ಚಿ ಫ್ರೇಮಿನ ಪಕ್ಕಕ್ಕೆ ಕಟ್ಟಿ. ಗೇರ್ ಬದಲಿಸುವ ಹಿಂದಿನ ಡಿರೇಲರನ್ನು, ಅದು ತೂಗುವ ಹ್ಯಾಂಗರಿನಿಂದ ಕಳಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಬದಿಗೆ ಬಿಗಿಯಿರಿ. ಇದೊಂದನ್ನು ಯಾರೂ ಮಾಡುವುದಿಲ್ಲ, ಹ್ಯಾಂಗರು ಬಾಗಿತು ಎಂದು ಆಮೇಲೆ ಫೋಟೊ ಕಳಿಸುತ್ತಾರೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿದ್ದರೆ ಪ್ಯಾಡುಗಳ ನಡುವೆ ರಟ್ಟಿನ ಚೂರು ಇಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಟೈರಿಗೆ ಗಾಳಿ ತುಂಬುವ ಇಂಗಾಲದ ಡೈಆಕ್ಸೈಡ್ ಕಾರ್ಟ್ರಿಜ್ ಮನೆಯಲ್ಲಿರಲಿ. ತೋರಣಗಲ್ಲಿನ ವಿದ್ಯಾನಗರದಿಂದ ಹಾರುವವರು ಡಬ್ಬಿಯ ಉದ್ದಗಲ ಹೇಳಿ ಮೊದಲೇ ವಿಚಾರಿಸಿ. ಸಣ್ಣ ವಿಮಾನದ ಸರಕಿನ ಬಾಗಿಲೂ ಸಣ್ಣದು.

ಮೆತ್ತೆಗೆ ದುಡ್ಡು ಸುರಿಯಬೇಡಿ. ಜೀನ್ಸ್ ಹೊಲಿಯುವ ಊರು ನಮ್ಮದು, ಡೆನಿಮ್ ಚಿಂದಿಗಿಂತ ಒಳ್ಳೆಯ ಮೆತ್ತೆ ಇಲ್ಲ. ಫ್ರೇಮಿನ ಪ್ರತಿ ಕೊಳವೆಗೆ ಎರಡು ಸುತ್ತು. ಆದರೆ ಮೊದಲು ಸೈಕಲ್ ತೊಳೆದು ಒಣಗಿಸಿ. ಸಂಡೂರಿನ ಕಡೆ ಹೋಗಿ ಬಂದ ಫ್ರೇಮಿನ ಮೇಲೆ ಕೂತಿರುವುದು ಕಬ್ಬಿಣದ ಅದಿರಿನ ಪುಡಿ. ಅದರ ಮೇಲೆ ಬಟ್ಟೆ ಸುತ್ತಿ ಸಾವಿರ ಕಿಲೋಮೀಟರ್ ಕುಲುಕಿದರೆ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದಂತೆ.

ಪೆಡಲಿನ ವಿಷಯ ಬಂತಲ್ಲ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಎಡ ಪೆಡಲಿನ ಥ್ರೆಡ್ ಉಲ್ಟಾ. ಸ್ಪ್ಯಾನರನ್ನು ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚುತ್ತವೆ, ಇಷ್ಟು ನೆನಪಿದ್ದರೆ ಸಾಕು. ಉಲ್ಟಾ ಯಾಕೆ? ಪೆಡಲಿನೊಳಗಿನ ಬೇರಿಂಗಿನ ಎಳೆತಕ್ಕೆ ಪೆಡಲು ಬಿಚ್ಚಿಕೊಳ್ಳದಿರಲಿ ಎಂದು ಅನೇಕರು ಹೇಳುತ್ತಾರೆ. ಲೆಕ್ಕ ಹಾಕಿದರೆ ಆ ಎಳೆತ ಈಗಿರುವ ಥ್ರೆಡ್ಡನ್ನೇ ಬಿಚ್ಚುವ ದಿಕ್ಕಿನಲ್ಲಿದೆ! ನಿಜವಾದ ಕಾರಣ ಬೇರೆ. ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಹೊರಗಿನ ತುದಿಯನ್ನು ಇನ್ನೊಂದು ಕೈಯ ಬೆರಳಿಂದ ವೃತ್ತಾಕಾರವಾಗಿ ತಳ್ಳಿ. ಪೆನ್ಸಿಲ್ ಮುಷ್ಟಿಯೊಳಗೆ ವಿರುದ್ಧ ದಿಕ್ಕಿಗೆ ಉರುಳುತ್ತದೆ. ಕಾಲಿನ ಭಾರದಡಿ ಪೆಡಲಿನ ಅಚ್ಚು ಅದನ್ನು ಹಿಡಿಯುವ ಕ್ರ್ಯಾಂಕ್ ತೋಳಿನ ತೂತಿನಲ್ಲಿ ಹೀಗೆಯೇ ಉರುಳುತ್ತದೆ. ಈ ಬಲ ಬೇರಿಂಗಿನ ಎಳೆತಕ್ಕಿಂತ ದೊಡ್ಡದು, ಆದ್ದರಿಂದ ಪೆಡಲು ತುಳಿದಷ್ಟೂ ಬಿಗಿಯಾಗುವಂತೆ ಥ್ರೆಡ್ ಕೊರೆದಿದ್ದಾರೆ.

ತಲುಪಿದ ಮೇಲೆ ಜೋಡಿಸುವಾಗ ಅಚ್ಚಿನ ಮೇಲಿನ ಎಲ್, ಆರ್ ಅಕ್ಷರ ನೋಡಿ, ಥ್ರೆಡ್ಡಿಗೆ ಗ್ರೀಸು ಹಚ್ಚಿ. ಮೊದಲ ಮೂರು ಸುತ್ತು ಬರಿಗೈಯಲ್ಲೇ ತಿರುಗಬೇಕು. ತಿರುಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ. ಒಂದೋ ಪೆಡಲು ಓರೆಯಾಗಿ ಕೂತಿದೆ, ಇಲ್ಲವೇ ಎಡದ್ದು ಬಲಕ್ಕೆ ಬಂದಿದೆ.