ಎಲ್ಲಿಂದ ತೆಗೆದರು? ಸ್ತನ ಮರುರಚನೆ ನಂತರದ ಫಿಸಿಯೋಥೆರಪಿ ಟಿಪ್ಪಣಿ

ಸ್ತನ ಮರುರಚನೆ ಆದವರಿಗೆ ಏನು ಫಿಸಿಯೋಥೆರಪಿ ಕೊಡುತ್ತೀರಿ ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವೆಲ್ಲ ನೇರ ಭುಜಕ್ಕೇ ಹೋಗುತ್ತೇವೆ. ಗೋಡೆ ಮೇಲೆ ಬೆರಳು ನಡೆಸುವುದು, ಕೋಲು ಹಿಡಿದು ಕೈ ಎತ್ತುವುದು ಅಂತ ಬರೆದು ಮುಗಿಸುತ್ತೇವೆ. ವಾರ್ಡಿನಲ್ಲಿ ಅಷ್ಟು ಸಾಲದು. ಹೊಸ ಸ್ತನ ಕಟ್ಟಲು ಅಂಗಾಂಶ ಎಲ್ಲಿಂದ ತೆಗೆದರು ಅಂತ ಮೊದಲು ಕೇಸ್ ಶೀಟ್ ನೋಡಿ. ಎಷ್ಟೋ ಸಲ ಗಾಯ ಒಂದಲ್ಲ, ಎರಡು.

ನಾನಿದನ್ನು ಕಲಿತದ್ದು ಬೆಂಗಳೂರಿನ ಒಂದು ಪೋಸ್ಟಿಂಗ್‌ನಲ್ಲಿ. ಆಪರೇಷನ್ ಆಗಿ ಮೂರನೇ ದಿನ ಒಬ್ಬರು ಬಗ್ಗಿಕೊಂಡೇ ನಡೆಯುತ್ತಿದ್ದರು. "ಅಮ್ಮಾ, ನೆಟ್ಟಗೆ ನಿಂತ್ಕೊಳ್ಳಿ" ಅಂದೆ. ಅವರು ಹೊಟ್ಟೆ ಹಿಡಿದುಕೊಂಡು, "ನೆಟ್ಟಗೆ ನಿಂತ್ರೆ ಹೊಲಿಗೆ ಎಳೆಯುತ್ತೆ ಕಣಮ್ಮಾ" ಅಂದರು. ಡಿಐಇಪಿ ಫ್ಲ್ಯಾಪ್ ಕೇಸ್, ಅಂದರೆ ಹೊಟ್ಟೆಯಿಂದ ತೆಗೆದ ಅಂಗಾಂಶದಲ್ಲಿ ಸ್ತನ ಕಟ್ಟಿದ್ದು. ಶೀಟ್ ನೋಡದೆ ಬಾಯಿ ಬಿಟ್ಟಿದ್ದೆ.

ಡಿಐಇಪಿಯಲ್ಲಿ ಹೊಟ್ಟೆಯ ಚರ್ಮ, ಕೊಬ್ಬು ಮತ್ತು ರಕ್ತನಾಳ ತೆಗೆದು, ಆ ನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಎದೆಯ ನಾಳಗಳಿಗೆ ಹೊಲಿಯುತ್ತಾರೆ. ಹೊಟ್ಟೆಯ ಮುಂಭಾಗದ ರೆಕ್ಟಸ್ ಸ್ನಾಯು ಅಲ್ಲೇ ಉಳಿಯುತ್ತದೆ. ಹೊಟ್ಟೆಯಿಂದಲೇ ತೆಗೆಯುವ ಟ್ರಾಮ್ ಫ್ಲ್ಯಾಪ್‌ನಲ್ಲಿ ಆ ಸ್ನಾಯುವೂ ಹೋಗುತ್ತದೆ, ಹಾಗಾಗಿ ಹೊಟ್ಟೆ ಉಬ್ಬುವ, ಹರ್ನಿಯಾ ಆಗುವ ಭಯ ಜಾಸ್ತಿ. ಎರಡರಲ್ಲೂ ಶುರುವಿನಲ್ಲಿ ಮಂಡಿ ಕೆಳಗೆ ದಿಂಬು ಇಡಿ. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಲಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲಿ. ಸಾಮಾನ್ಯವಾಗಿ 6 ವಾರ ಭಾರ ಎತ್ತುವಂತಿಲ್ಲ. ಸುಮ್ನೆ "ಭಾರ ಎತ್ತಬೇಡಿ" ಅಂದರೆ ಯಾರಿಗೂ ನಾಟುವುದಿಲ್ಲ. ನಮ್ಮೂರಲ್ಲಿ 20 ಲೀಟರ್ ನೀರಿನ ಕ್ಯಾನ್ ಅನ್ನಿ, ತಕ್ಷಣ ಅರ್ಥವಾಗುತ್ತದೆ.

ಬೆನ್ನಿನಿಂದ ತೆಗೆದಿದ್ದರೆ ಅದು ಲ್ಯಾಟಿಸಿಮಸ್ ಡಾರ್ಸೈ, ಬೆನ್ನಿನ ಅಗಲವಾದ ಸ್ನಾಯು. ಅದರ ಕೆಲಸ ನೆನಪಿದೆ ಅಲ್ವಾ? ತೋಳನ್ನು ಹಿಂದಕ್ಕೆ ಒಯ್ಯುವುದು, ಮೈಗೆ ಸೇರಿಸುವುದು, ಒಳಕ್ಕೆ ತಿರುಗಿಸುವುದು. ಮೂರನ್ನೂ ಒಟ್ಟಿಗೆ ಮಾಡಿ ನೋಡಿ. ಬೆನ್ನ ಹಿಂದೆ ಬ್ಲೌಸಿನ ಹುಕ್ ಹಾಕಿದ ಹಾಗೇ ಆಯಿತು! ವೈವಾಗೆ ಇಷ್ಟು ನೆನಪಿದ್ದರೆ ಸಾಕು. ಟೆರೆಸ್ ಮೇಜರ್‌ನಂಥ ಬೇರೆ ಸ್ನಾಯುಗಳು ನಿಧಾನಕ್ಕೆ ಆ ಕೆಲಸ ವಹಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಮುಂದೆ ಹುಕ್ ಇರುವ ಬ್ಲೌಸ್ ಹೇಳಿ. ಬೆನ್ನಿನ ಗಾಯದ ಕೆಳಗೆ ನೀರು ತುಂಬಿಕೊಳ್ಳುವುದು, ಅಂದರೆ ಸಿರೋಮಾ, ಇಲ್ಲಿ ಮಾಮೂಲು ತೊಂದರೆ. ಗಾಯದ ನೀರು ಹೊರಬರಲು ಇಟ್ಟ ಕೊಳವೆ, ಅಂದರೆ ಡ್ರೈನ್, ಇರುವ ತನಕ ಭುಜವನ್ನು ಸಾಮಾನ್ಯವಾಗಿ 90 ಡಿಗ್ರಿ ದಾಟಿಸುವುದಿಲ್ಲ. ಸರ್ಜನ್ ಬೇರೆ ಮಿತಿ ಬರೆದಿದ್ದರೆ ಅದೇ ಅಂತಿಮ. ಬೆರಳು, ಮಣಿಕಟ್ಟು, ಮೊಣಕೈ, ಉಸಿರಾಟದ ವ್ಯಾಯಾಮಕ್ಕೆ ಕಾಯಬೇಕಿಲ್ಲ.

ಇಂಪ್ಲಾಂಟ್, ಅಂದರೆ ಒಳಗಿಡುವ ಕೃತಕ ಸ್ತನ, ಎದೆಯ ಪೆಕ್ಟೋರಾಲಿಸ್ ಸ್ನಾಯುವಿನ ಕೆಳಗಿದ್ದರೆ ಎದೆ ಬಿಗಿಯುತ್ತದೆ. ತಳ್ಳುವ ಕೆಲಸ ತಡವಾಗಲಿ.

ಮುಂದೆ ರೇಡಿಯೇಷನ್ ಇದೆಯಾ ಅಂತಲೂ ಕೇಳಿ. ಸಾಮಾನ್ಯವಾಗಿ ಕೈ ತಲೆ ಮೇಲಿಟ್ಟು ಅಲುಗಾಡದೆ ಮಲಗಬೇಕು, ಆ ದಿನಕ್ಕೆ ಭುಜ ಸಿದ್ಧವಿರಬೇಕು. ಕೆಲವರಿಗೆ ಕಂಕುಳಿಂದ ತೋಳಿನುದ್ದಕ್ಕೆ ಚರ್ಮದಡಿ ತಂತಿ ಬಿಗಿದ ಹಾಗೆ ಕಾಣುತ್ತದೆ. ಅದು ಆಕ್ಸಿಲರಿ ವೆಬ್. ಹೆದರಿ ಕೈ ಆಡಿಸುವುದನ್ನು ನಿಲ್ಲಿಸಿದರೆ ಭುಜ ಇನ್ನೂ ಬಿಗಿಯಾಗುತ್ತದೆ, ಮೆಲ್ಲಗೆ ಸ್ಟ್ರೆಚ್ ಮುಂದುವರಿಸಿ.

ದುಗ್ಧರಸ ನಿಂತು ತೋಳು ಊದಿಕೊಳ್ಳುವುದು, ಅಂದರೆ ಲಿಂಫೆಡೀಮಾ, ಆಗಿದೆಯಾ ಅಂತ ನೋಡಲು ಎರಡೂ ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆಯಿರಿ, ಪ್ರತಿ ಸಲ ಅದೇ ಜಾಗದಲ್ಲಿ. 2 ಸೆಂ.ಮೀ. ವ್ಯತ್ಯಾಸ ಬಂದರೆ ಗಮನ ಕೊಡಬೇಕು ಅನ್ನುವುದು ಬಳಕೆಯಲ್ಲಿರುವ ಅಳತೆ. ಬಲಗೈಯವರ ಬಲತೋಳು ಮೊದಲೇ ತುಸು ದಪ್ಪಗಿರಬಹುದು, ಹಾಗಾಗಿ ಆಪರೇಷನ್‌ಗೆ ಮುಂಚಿನ ಅಳತೆ ಬೇಕೇ ಬೇಕು.

ಇನ್ನೊಂದು, ಮನೆಯವರಿಗೂ ಹೇಳಿ. ನೋವು ಅಂತ ಹೊಸ ಸ್ತನದ ಮೇಲೆ, ಹೊಟ್ಟೆಯ ಗಾಯದ ಮೇಲೆ ಬಿಸಿನೀರಿನ ಬ್ಯಾಗ್ ಇಡಬಾರದು. ಅಲ್ಲಿ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.