ವಿಚಿತ್ರವೇನೋ ಇದೆ, ನಗು ಬರುತ್ತದೆಯೇ?

ಹೊಸ ಸರ್ರಿಯಲ್ (ಕನಸಿನಂತೆ ತರ್ಕ ಮೀರಿದ) ಅನಿಮೇಷನ್ ಕಾಮಿಡಿಯೊಂದರ ಟ್ರೇಲರ್ ಬಿಡುಗಡೆಯಾದರೆ ಸಾಕು, ಪ್ರೇಕ್ಷಕರ ಅನುಮಾನಗಳು ಸಾಲುಗಟ್ಟುತ್ತವೆ. ‘ಸುಮ್ಮನೆ ವಿಚಿತ್ರ ಮಾಡಲು ಹೊರಟಿದ್ದಾರೆ’, ‘ಇರುವ ನಾಲ್ಕು ಜೋಕೂ ಟ್ರೇಲರಿನಲ್ಲೇ ಖರ್ಚಾಗಿವೆ’, ‘ಮೊದಲ ಎಪಿಸೋಡ್ ಮಾತ್ರ ಚೆನ್ನಾಗಿರುತ್ತದೆ, ಆಮೇಲೆ ಅಷ್ಟೇ’. ಈ ಮೂರರಲ್ಲಿ ಕೊನೆಯದಕ್ಕೆ ಗಟ್ಟಿ ಕಾರಣವಿದೆ, ನಡುವಿನದು ಅರ್ಧ ನಿಜ. ಮೊದಲನೆಯದನ್ನು ಮಾತ್ರ ಟ್ರೇಲರ್ ನೋಡಿ ಹೇಳಲು ಬರುವುದಿಲ್ಲ. ಅನುಮಾನ ಪಡುವುದು ತಪ್ಪಲ್ಲ, ಆದರೆ ಎಲ್ಲಿ ಪಡಬೇಕೆಂಬುದು ಗೊತ್ತಿರಬೇಕು.

ಈ ಬಗೆಯ ಹಾಸ್ಯದ ಜೀವ ಇರುವುದು ವಿರಾಮದಲ್ಲಿ. ಟ್ರೇಲರ್ ಕತ್ತರಿಸುವವರು ಮೊದಲು ತೆಗೆಯುವುದೂ ಅದನ್ನೇ. ಒಂದು ದೃಶ್ಯ ತೆಗೆದುಕೊಳ್ಳಿ. ಕಚೇರಿಯಲ್ಲಿ ಒಬ್ಬನ ತಲೆ ಮೆಲ್ಲಗೆ ಕಳಚಿ ಮೇಜಿನ ಮೇಲೆ ಕೂರುತ್ತದೆ. ಎದುರಿಗಿದ್ದವಳು ಅದನ್ನು ನೋಡುತ್ತಾಳೆ, ಒಮ್ಮೆ ಕಣ್ಣು ಮಿಟುಕಿಸುತ್ತಾಳೆ, ‘ಆ ಫೈಲಿಗೆ ಸಹಿ ಆಯ್ತಾ?’ ಎನ್ನುತ್ತಾಳೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ, ತಲೆ ಕೂತ ಎಂಟೇ ಫ್ರೇಮಿಗೆ ಆ ಮಾತು ಬಂದರೆ ನೋಡುಗನಿಗೆ ಏನಾಯಿತೆಂದೇ ತಿಳಿದಿರುವುದಿಲ್ಲ. 30ರಿಂದ 36 ಫ್ರೇಮ್ ಬಿಟ್ಟು ಬಂದರೆ, ಈಗ ಇವಳು ಕಿರುಚುತ್ತಾಳೆ ಎಂದು ಕಾಯುವಷ್ಟು ಸಮಯ ಸಿಗುತ್ತದೆ. ಕಿರುಚದೆ ಫೈಲಿನ ಮಾತೆತ್ತಿದಾಗ ನಗು ಬರುತ್ತದೆ. 72 ಫ್ರೇಮ್, ಅಂದರೆ ಪೂರ್ತಿ ಮೂರು ಸೆಕೆಂಡ್ ಹಿಡಿದರೆ ಅದು ಬೇರೆಯದೇ ಜೋಕ್, ಅಲ್ಲಿ ನಗಿಸುವುದು ಮುಜುಗರ. ಟ್ರೇಲರಿನಲ್ಲಿ ಈ ಶಾಟಿಗೆ ಹೆಚ್ಚೆಂದರೆ 20 ಫ್ರೇಮ್ ಸಿಗುತ್ತದೆ. ತಲೆ ಬಿತ್ತು, ಕಟ್, ಏನೋ ಸ್ಫೋಟ, ಕಟ್, ಶೀರ್ಷಿಕೆ. ‘ತಲೆಬುಡವಿಲ್ಲದ್ದು’ ಎಂದು ನೋಡಿದವರಿಗೆ ಅನ್ನಿಸಿದರೆ ಅವರ ತಪ್ಪೇನೂ ಇಲ್ಲ, ತಲೆಯೂ ಬುಡವೂ ಟ್ರೇಲರ್ ಎಡಿಟರ್ ಬಳಿಯೇ ಉಳಿದಿರುತ್ತವೆ.

ಚಿತ್ರಗಳು ಎಷ್ಟು ಶ್ರೀಮಂತವಾಗಿವೆ ಎಂಬುದಕ್ಕೂ ಇಲ್ಲಿನ ನಗುವಿಗೂ ಸಂಬಂಧ ಕಡಿಮೆ. 1994ರಲ್ಲಿ ಶುರುವಾದ ‘ಸ್ಪೇಸ್ ಘೋಸ್ಟ್ ಕೋಸ್ಟ್ ಟು ಕೋಸ್ಟ್’ 1966ರ ಹಳೆಯ ಸೂಪರ್‌ಹೀರೋ ಕಾರ್ಟೂನಿನ ಚಿತ್ರಗಳನ್ನೇ ಮತ್ತೆ ಬಳಸಿ ಮಾಡಿದ ಟಾಕ್ ಶೋ. ಅತಿಥಿಗಳು ನಿಜವಾದ ಮನುಷ್ಯರು. ಅವರು ಕೊಟ್ಟ ಉತ್ತರಗಳಿಗೆ ಬೇರೆ ಪ್ರಶ್ನೆಗಳನ್ನು ಅಂಟಿಸಿ, ನಡುವೆ ಅಸಹಜವಾದ ಮೌನ ಬಿಟ್ಟು ನಗಿಸುತ್ತಿದ್ದರು. ಬಾಯಿ, ಕೈ ಬಿಟ್ಟರೆ ಅಲುಗಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ಹಾಗಾಗಿ ‘ಅನಿಮೇಷನ್ ಅಗ್ಗವಾಗಿ ಕಾಣುತ್ತಿದೆ’ ಎಂಬ ದೂರನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು ಟ್ರೇಲರ್ ತಯಾರಾಗುವ ಬಗೆ. ಸಾಮಾನ್ಯವಾಗಿ ಅದನ್ನು ಮಾಡುವುದು ಪ್ರಚಾರ ವಿಭಾಗ ಅಥವಾ ಅದು ಗೊತ್ತುಮಾಡಿದ ಹೊರಗಿನ ತಂಡ, ಸರಣಿಯ ಎಡಿಟರ್ ಅಲ್ಲ. ಆ ಹೊತ್ತಿಗೆ ಬಣ್ಣ, ಕಾಂಪೋಸಿಟಿಂಗ್ (ಪಾತ್ರ, ಹಿನ್ನೆಲೆಗಳನ್ನು ಒಂದೇ ಚಿತ್ರವಾಗಿ ಕೂಡಿಸುವುದು) ಎಲ್ಲ ಮುಗಿದು ಕೈಗೆ ಸಿಕ್ಕಿರುವುದು ಮೊದಲ ಕೆಲವು ಎಪಿಸೋಡ್ ಮಾತ್ರ. ಉಳಿದವು ಅನಿಮ್ಯಾಟಿಕ್ ಎಂಬ ಕಚ್ಚಾ ಪ್ರತಿಯ ಹಂತದಲ್ಲೋ ಅನಿಮೇಷನ್ ನಡೆಯುತ್ತಲೋ ಇರುತ್ತವೆ. ‘ಜೋಕೆಲ್ಲ ಇಲ್ಲೇ ಮುಗಿಯಿತು’ ಎಂಬುದು ಅರ್ಧ ನಿಜ ಎಂದದ್ದು ಇದಕ್ಕೇ. ಮುಗಿದಿರುವುದು ಆ ಮೊದಲ ಕೆಲವು ಎಪಿಸೋಡಿನ ಜೋಕು. ಟ್ರೇಲರಿಗಿಂತ ನಂಬಬಹುದಾದ ಸಾಕ್ಷಿ ಎಂದರೆ ಕತ್ತರಿಸದೆ ಬಿಟ್ಟ ಒಂದು ದೃಶ್ಯದ ಕ್ಲಿಪ್. ಒಂದು, ಒಂದೂವರೆ ನಿಮಿಷದ್ದು ಸಿಕ್ಕರೆ ಸಾಕು. ಅದರಲ್ಲಿ ಅತ್ಯಂತ ಉದ್ದದ ಶಾಟ್ ಯಾವುದೆಂದು ಅಳೆಯಿರಿ. ಇಡೀ ಕ್ಲಿಪ್ಪಿನಲ್ಲಿ ಒಂದು ಶಾಟೂ ಎರಡು ಸೆಕೆಂಡ್ ದಾಟದಿದ್ದರೆ, ಎಲ್ಲರೂ ಒಂದೇ ಏರುದನಿಯಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿದ್ದರೆ, ಅನುಮಾನ ಇಟ್ಟುಕೊಳ್ಳಿ. ಅದು ಆತ್ಮವಿಶ್ವಾಸ ಇಲ್ಲದ ಟೈಮಿಂಗ್.

ಟೈಮಿಂಗ್ ಆದ ಮೇಲೆ ನೋಡಬೇಕಾದ ಎರಡನೆಯದು ಆ ಲೋಕದ ಕಟ್ಟಳೆ. ಏನು ಬೇಕಾದರೂ ಆಗಬಹುದಾದ ಜಾಗದಲ್ಲಿ ಏನಾದರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಇದನ್ನು ಅತ್ಯಂತ ದುಬಾರಿಯಾಗಿ ಕಲಿತವರು ‘ದಿ ಸಿಂಪ್ಸನ್ಸ್’ ತಂಡದವರು. ಮೊದಲು ಪ್ರಸಾರವಾಗಬೇಕಿದ್ದ ಎಪಿಸೋಡ್ ದಕ್ಷಿಣ ಕೊರಿಯಾದಿಂದ ಅನಿಮೇಷನ್ ಮುಗಿಸಿಕೊಂಡು ಮರಳಿದಾಗ, ಅದರಲ್ಲಿ ಬಾಗಿಲು ಬಡಿದರೆ ರಬ್ಬರಿನಂತೆ ಬಳುಕುತ್ತಿತ್ತು. ನಿರ್ಮಾಪಕರಿಗೆ ಬೇಕಿದ್ದದ್ದು ಬಾಗಿಲು ಬಾಗಿಲಿನಂತೆಯೇ ಇರುವ, ಬಿದ್ದರೆ ನೋವಾಗುವ ಲೋಕ. ಸುಮಾರು 70 ಶೇಕಡಾ ಭಾಗವನ್ನು ಮತ್ತೆ ಮಾಡಬೇಕಾಯಿತು. 1989ರ ಶರತ್ಕಾಲಕ್ಕೆ ಎಂದುಕೊಂಡಿದ್ದ ಸರಣಿ ಆ ವರ್ಷದ ಡಿಸೆಂಬರ್ 17ಕ್ಕೆ ಕ್ರಿಸ್‌ಮಸ್ ಎಪಿಸೋಡಿನೊಂದಿಗೆ ಶುರುವಾಯಿತು, ಮೊದಲನೆಯದಾಗಬೇಕಿದ್ದದ್ದು 1990ರ ಮೇ 13ರಂದು ಸೀಸನ್ನಿನ ಕೊನೆಗೆ ಬಂತು. ಅದು ಸರ್ರಿಯಲ್ ಸರಣಿಯಲ್ಲ, ನಿಜ. ಸರ್ರಿಯಲ್ ಆದರೆ ಈ ಶಿಸ್ತು ಇನ್ನೂ ಬಿಗಿಯಾಗಿರಬೇಕು. ಬಾಗಿಲು ಮಾತಾಡಬಹುದು, ಆದರೆ ಅದಕ್ಕೆ ಬೀಗ ಹಾಕಿದರೆ ಏನಾಗುತ್ತದೆ ಎಂಬುದು ಮೂರನೇ ಎಪಿಸೋಡಿನಲ್ಲೂ ಮೊದಲಿನಂತೆಯೇ ಇರಬೇಕು.

ಕಟ್ಟಳೆ ಇದೆಯೋ ಇಲ್ಲವೋ ಎಂದು ಕ್ಲಿಪ್ಪಿನಲ್ಲೇ ತಿಳಿಯಲು ಒಂದು ದಾರಿಯಿದೆ. ನಡೆಯುತ್ತಿರುವುದರಿಂದ ನಷ್ಟ ಯಾರಿಗೆ ಎಂದು ನೋಡಿ. ತಲೆ ಕಳಚಿದವನಿಗೆ ಮೀಟಿಂಗಿಗೆ ಹೊತ್ತಾಗುತ್ತಿದೆ ಎಂಬ ಚಿಂತೆ ಇದ್ದರೆ ಬರೆದವರಿಗೆ ಕೆಲಸ ಗೊತ್ತು. ಯಾರಿಗೂ ಏನೂ ಆಗಬೇಕಿಲ್ಲ, ಎಲ್ಲ ಪಾತ್ರಗಳೂ ಸಮಾನವಾಗಿ ಹುಚ್ಚರು ಎನ್ನುವಂತಿದ್ದರೆ 11 ನಿಮಿಷ ತಳ್ಳಬಹುದು, 22 ನಿಮಿಷ ಕಷ್ಟ. ಎಪಿಸೋಡಿನ ಅವಧಿಯನ್ನು ಮೊದಲೇ ನೋಡಿಕೊಳ್ಳಿ ಎನ್ನುವುದು ಅದಕ್ಕೆ. ಒಂದೇ ವಿಚಿತ್ರ ಕಲ್ಪನೆಯನ್ನು ಹಿಗ್ಗಿಸಲು 11 ನಿಮಿಷ ಸರಿಯಾದ ಅಳತೆ. 22 ನಿಮಿಷಕ್ಕೆ ಪಾತ್ರಗಳ ನಡುವೆ ಜಗಳವೋ ಪ್ರೀತಿಯೋ ಬೇಕಾಗುತ್ತದೆ, ಇಲ್ಲದಿದ್ದರೆ ಹದಿನಾಲ್ಕನೇ ನಿಮಿಷಕ್ಕೆ ಕೈ ಫೋನಿನ ಕಡೆ ಹೋಗುತ್ತದೆ.

ಈಗ ‘ಮೊದಲ ಎಪಿಸೋಡ್ ಮಾತ್ರ’ ಎಂಬ ದೂರು. 22 ನಿಮಿಷ ಎಂದರೆ 31,680 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿ, ಏನೂ ಮರುಬಳಸದೆ ಮಾಡಿದರೆ 15,840 ಚಿತ್ರ. ಯಾರೂ ಅಷ್ಟು ಬಿಡಿಸುವುದಿಲ್ಲ. ಪಾತ್ರಗಳನ್ನು ಕೀಲುಗೊಂಬೆಯಂತೆ ರಿಗ್ ಮಾಡಿಟ್ಟುಕೊಂಡು, ಬಾಯಿಯ ಆಕಾರಗಳನ್ನು ಬದಲಿಸುತ್ತಾ, ನಿಂತಲ್ಲೇ ನಿಲ್ಲುವ ಕಡೆ ಒಂದೇ ಚಿತ್ರವನ್ನು ಹಿಡಿದಿಟ್ಟು (ಹೋಲ್ಡ್) ಉಳಿಸುತ್ತಾರೆ. ಮಾಮೂಲಿ ಕೌಟುಂಬಿಕ ಕಾಮಿಡಿಗೆ ಇದು ಒಗ್ಗುತ್ತದೆ. ಅದೇ ಮನೆ, ಅದೇ ಸೋಫಾ, ಅದೇ ಬಟ್ಟೆ, ಒಮ್ಮೆ ಮಾಡಿಟ್ಟರೆ ಸೀಸನ್ ಪೂರ್ತಿ ಬರುತ್ತದೆ. ಸರ್ರಿಯಲ್ ಕಾಮಿಡಿಯಲ್ಲಿ ಉಳಿತಾಯದ ಈ ದಾರಿಯೇ ಮುಚ್ಚಿಹೋಗುತ್ತದೆ. ಸ್ಕ್ರಿಪ್ಟಿನಲ್ಲಿ ‘ಕಟ್ಟಡ ಕರಗಿ ನದಿಯಾಗಿ ಹರಿಯುತ್ತದೆ’ ಎಂದು ಬರೆಯಲು ಒಂದು ಸಾಲು ಸಾಕು. ಅದನ್ನು ತೆರೆಗೆ ತರಲು ಹೊಸ ಹಿನ್ನೆಲೆ, ಕರಗುವ ಹಂತಗಳ ಡಿಸೈನ್, ರಿಗ್ಗಿನಿಂದ ಆಗದ ಕೈಚಿತ್ರದ ಅನಿಮೇಷನ್, ನೀರಿನ ಎಫೆಕ್ಟ್ಸ್ ಎಲ್ಲ ಬೇಕು. ಮುಂದಿನ ಎಪಿಸೋಡಿಗೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ.

ಹಣ, ಸಮಯ ಎರಡೂ ಮೊದಲ ಎಪಿಸೋಡಿಗೆ ಹೆಚ್ಚು ಸುರಿಯುತ್ತದೆ, ಯಾಕೆಂದರೆ ಉಳಿದದ್ದನ್ನು ಮಾರುವುದು ಅದೇ. ನಾಲ್ಕೈದನೆಯ ಎಪಿಸೋಡಿಗೆ ಗಡುವು ಕುತ್ತಿಗೆಗೆ ಬಂದಿರುತ್ತದೆ. ಆಗ ಮೊದಲು ಬಲಿಯಾಗುವುದು ರೂಪಾಂತರ. ಮನುಷ್ಯ ಕುರ್ಚಿಯಾಗುವುದು ಕಣ್ಣೆದುರೇ ನಡೆಯುವ ಬದಲು, ಅವನನ್ನು ತೋರಿಸಿ, ಬೇರೆಯವನ ಮುಖಕ್ಕೆ ಕಟ್ ಮಾಡಿ, ತಿರುಗಿ ಬಂದಾಗ ಅಲ್ಲಿ ಕುರ್ಚಿ ಇರುತ್ತದೆ. ಒಮ್ಮೊಮ್ಮೆ ಈ ಕಟ್ಟೇ ಒಳ್ಳೆಯ ಜೋಕ್. ಪ್ರತಿ ಸಲವೂ ಹೀಗೇ ಆದರೆ ಕೈಯಲ್ಲಿ ದುಡ್ಡಿಲ್ಲ ಎಂದರ್ಥ. ಟ್ರೇಲರಿನಲ್ಲೇ ಇದನ್ನು ಎಣಿಸಬಹುದು. ಬದಲಾವಣೆಗಳಲ್ಲಿ ಎಷ್ಟು ಶಾಟಿನ ಒಳಗೆ ನಡೆಯುತ್ತವೆ, ಎಷ್ಟು ಕಟ್ಟಿನ ಮರೆಯಲ್ಲಿ? ಅತ್ಯುತ್ತಮ ಚಿತ್ರಗಳು ಇರಬೇಕಾದ ಟ್ರೇಲರಿನಲ್ಲೇ ಎಲ್ಲವೂ ಮರೆಯಲ್ಲಿ ನಡೆದರೆ ಐದನೇ ಎಪಿಸೋಡಿನ ಗತಿ ನೀವೇ ಊಹಿಸಿಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ವಿವರಣೆ. ಜೋಕನ್ನು ಕಡಿಮೆ ಖರ್ಚಿನಲ್ಲಿ ತಿದ್ದಬಹುದಾದ ಕೊನೆಯ ಹಂತ ಅನಿಮ್ಯಾಟಿಕ್, ಅಂದರೆ ಸ್ಟೋರಿಬೋರ್ಡಿನ ಚಿತ್ರಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ಸಮಯಕ್ಕೆ ಜೋಡಿಸಿದ ಕಚ್ಚಾ ಪ್ರತಿ. ಅದು ದಾಟಿ ಎಕ್ಸ್‌ಪೋಷರ್ ಶೀಟ್ (ಯಾವ ಫ್ರೇಮಿಗೆ ಯಾವ ಚಿತ್ರ, ಯಾವ ಮಾತು ಎಂಬ ಪಟ್ಟಿ) ಬರೆದು ಅನಿಮೇಷನ್ ಸ್ಟುಡಿಯೋಗೆ ಕಳಿಸಿದರೆ ವಾಪಸ್ ಬರಲು ತಿಂಗಳುಗಳು ಬೇಕು. ಬಂದ ಮೇಲೆ ವಾಹಿನಿಯವರಲ್ಲಿ ಯಾರಾದರೂ ‘ಇದು ಜನಕ್ಕೆ ಅರ್ಥವಾಗುವುದಿಲ್ಲ’ ಎಂದರೆ ಚಿತ್ರ ಬದಲಿಸಲು ಹಣವಿರುವುದಿಲ್ಲ, ಮಾತು ಸೇರಿಸಲು ಮಾತ್ರ ಸಾಧ್ಯ. ತುಟಿ ಕಾಣಿಸಿದರೆ ಸಿಂಕ್ ಆಗದು. ಹಾಗಾಗಿ ಪಾತ್ರ ಬೆನ್ನು ತಿರುಗಿಸಿದಾಗಲೋ ಶಾಟಿನ ಹೊರಗಿರುವಾಗಲೋ ಒಂದು ಸಾಲು ತುರುಕುತ್ತಾರೆ: ‘ಅಯ್ಯೋ, ಅವನು ನಿಜವಾಗಿಯೂ ಕುರ್ಚಿಯಾಗಿಬಿಟ್ಟ!’ ಕಣ್ಣಿಗೆ ಕಂಡದ್ದನ್ನೇ ಕಿವಿಗೂ ಹೇಳುವ ಈ ಸಾಲು ನಾವು ಮೇಲೆ ಲೆಕ್ಕ ಹಾಕಿದ ಆ 36 ಫ್ರೇಮಿನ ಮೇಲೇ ಬಂದು ಕೂರುತ್ತದೆ. ಕ್ಲಿಪ್ಪಿನಲ್ಲಿ ಬೆನ್ನ ಹಿಂದಿನ ಮಾತು ಮೂರ್ನಾಲ್ಕು ಸಲ ಕೇಳಿಸಿದರೆ, ತಯಾರಕರಿಗೇ ತಮ್ಮ ಸರಕಿನ ಮೇಲೆ ನಂಬಿಕೆ ಇರಲಿಲ್ಲ ಎಂದು ತಿಳಿಯಬಹುದು.

ಹಾಗಾದರೆ ವಾಹಿನಿಯವರು ಕೈಹಾಕದೆ ಸೃಷ್ಟಿಕರ್ತನಿಗೆ ಪೂರ್ತಿ ಬಿಟ್ಟುಕೊಟ್ಟರೆ ಸರಿಹೋಗುತ್ತದೆಯೇ? ‘ಯಾವ ಸೆನ್ಸಾರೂ ಇಲ್ಲ’ ಎಂದು ಜಾಹೀರಾತು ಬಂದರೆ ನನಗೆ ಉತ್ಸಾಹಕ್ಕಿಂತ ಆತಂಕವೇ ಹೆಚ್ಚು. ‘ರೆನ್ ಅಂಡ್ ಸ್ಟಿಂಪಿ’ ಕಾರ್ಟೂನ್ 1991ರಲ್ಲಿ ಮಕ್ಕಳ ವಾಹಿನಿ ನಿಕೆಲೋಡಿಯನ್‌ನಲ್ಲಿ ಬಂದಾಗ ದೊಡ್ಡ ಯಶಸ್ಸು. ಗಡುವು ತಪ್ಪುವುದು, ಏನು ತೋರಿಸಬಹುದು ಎಂಬ ಜಗಳ ಎಲ್ಲ ಬೆಳೆದು 1992ರಲ್ಲಿ ಸೃಷ್ಟಿಕರ್ತನನ್ನೇ ಹೊರಗಿಟ್ಟರು. 2003ರಲ್ಲಿ ಅದೇ ವ್ಯಕ್ತಿ ಅದೇ ಪಾತ್ರಗಳನ್ನು ವಯಸ್ಕರಿಗಾಗಿ, ಕಡಿವಾಣವಿಲ್ಲದೆ, ಮತ್ತೆ ತಂದರು. ಪ್ರಸಾರವಾದದ್ದು ಮೂರೇ ಎಪಿಸೋಡ್. ಬೇಡ ಎನ್ನುವವರು ಇದ್ದಾಗ ಕಳ್ಳದಾರಿಯಲ್ಲಿ ನುಸುಳಿಸಿದ ತುಂಟತನಕ್ಕಿದ್ದ ಚುರುಕು, ಎಲ್ಲವನ್ನೂ ಬಿಚ್ಚಿ ತೋರಿಸಿದಾಗ ಉಳಿಯಲಿಲ್ಲ.

ಖ್ಯಾತ ನಟರ ಧ್ವನಿಪಟ್ಟಿ ನೋಡಿ ಹಿಗ್ಗುವುದೂ ಬೇಡ, ಹೀಗಳೆಯುವುದೂ ಬೇಡ. ಬಹುತೇಕ ಎಲ್ಲರೂ ಬೇರೆ ಬೇರೆ ದಿನ ಒಬ್ಬೊಬ್ಬರೇ ಬಂದು ರೆಕಾರ್ಡ್ ಮಾಡಿ ಹೋಗುತ್ತಾರೆ, ಸಂಭಾಷಣೆಯ ಲಯವನ್ನು ಕಟ್ಟುವವನು ಎಡಿಟರ್. ಧ್ವನಿಪಟ್ಟಿಗಿಂತ ಸ್ಟೋರಿಬೋರ್ಡ್ ಕಲಾವಿದರ ಹೆಸರು ಹುಡುಕಿ. ‘ಅಡ್ವೆಂಚರ್ ಟೈಮ್’ನಂಥ ಸರಣಿಯಲ್ಲಿ ಸಂಭಾಷಣೆಯನ್ನೂ ಬರೆಯುತ್ತಿದ್ದವರು ಬೋರ್ಡ್ ಕಲಾವಿದರೇ, ಅವರ ಕೈಗೆ ಹೋಗುತ್ತಿದ್ದದ್ದು ಪೂರ್ಣ ಸ್ಕ್ರಿಪ್ಟ್ ಅಲ್ಲ, ಕಥೆಯ ರೂಪುರೇಷೆ. ಚಿತ್ರ ಬಿಡಿಸುವ ಕೈಯೇ ಜೋಕನ್ನೂ ಬರೆದರೆ ಮಾತಿಗಿಂತ ಚಿತ್ರ ಮುಂದಿರುತ್ತದೆ.

ತಡವಾಗುತ್ತಿದೆ ಎಂಬುದೊಂದೇ ಕಾರಣಕ್ಕೆ ಗಾಬರಿ ಬೇಡ. ‘ಸ್ಮೈಲಿಂಗ್ ಫ್ರೆಂಡ್ಸ್’ ಸರಣಿಯ ಪೈಲಟ್ (ಮಾದರಿ ಎಪಿಸೋಡ್) ಬಂದದ್ದು 2020ರ ಏಪ್ರಿಲ್ 1ಕ್ಕೆ, ಮೊದಲ ಸೀಸನ್ನಿನ ಉಳಿದ ಎಪಿಸೋಡ್‌ಗಳು ಬಂದದ್ದು 2022ರ ಜನವರಿಯಲ್ಲಿ. ಅದು ಚೆನ್ನಾಗಿಯೇ ಬಂತು. ತಡದ ಜೊತೆಗೆ ಸೃಷ್ಟಿಕರ್ತರೋ, ಸರಣಿಯನ್ನು ಮುನ್ನಡೆಸುವ ಶೋರನ್ನರೋ ಬದಲಾದ ಸುದ್ದಿಯೂ ಬಂದರೆ ಮಾತು ಬೇರೆ.

ಸರಣಿ ಬಂದ ಮೇಲೆ ಮೊದಲ ಎಪಿಸೋಡ್ ನೋಡಿ ತೀರ್ಮಾನಿಸಬೇಡಿ, ಅದು ಲೋಕವನ್ನು ಪರಿಚಯಿಸುವ ಭಾರ ಹೊತ್ತಿರುತ್ತದೆ. ಅದಾದ ಮೇಲೆ ನಾಲ್ಕನೆಯದನ್ನು ನೋಡಿ. ಹಣ ತೆಳುವಾದ ಹೊತ್ತಿನಲ್ಲಿ ತಂಡ ಏನು ಮಾಡಿತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಪಾತ್ರಗಳನ್ನು ಕೂಡಿಹಾಕಿಯೂ ನಗಿಸಿದ್ದರೆ ಉಳಿದದ್ದನ್ನು ಧೈರ್ಯವಾಗಿ ನೋಡಬಹುದು. ಒಂದೇ ರಾತ್ರಿ ಎಂಟು ಎಪಿಸೋಡ್ ಮುಗಿಸಬೇಡಿ, ಮೂರನೆಯದರ ಹೊತ್ತಿಗೆ ವಿಚಿತ್ರವೇ ಮಾಮೂಲಾಗಿ ಕಣ್ಣು ಮಂಕಾಗುತ್ತದೆ, ಆ ತಪ್ಪು ಸರಣಿಯದ್ದಲ್ಲ. ಭಾಷೆ ಅರ್ಥವಾಗುವಂತಿದ್ದರೆ ಸಬ್‌ಟೈಟಲ್ ಆಫ್ ಮಾಡಿ. ‘ಆ ಫೈಲಿಗೆ ಸಹಿ ಆಯ್ತಾ?’ ಎಂಬ ಸಾಲು ಮಾತಿಗಿಂತ ಅರ್ಧ ಸೆಕೆಂಡ್ ಮುಂಚೆ ತೆರೆಯ ಕೆಳಗೆ ಮೂಡಿದರೆ ಟೈಮಿಂಗ್ ಅಲ್ಲೇ ಕೆಡುತ್ತದೆ. ಡಬ್ಬಿಂಗಿನಲ್ಲಿ ತೊಂದರೆ ತಿರುಗಾಮುರುಗಾ: ಮೂಲದ ನಾಲ್ಕು ಪದಕ್ಕೆ ಏಳು ಪದ ಬೇಕಾದಾಗ ಸಾಲು ಹಿಂದಕ್ಕೆ ಹಿಗ್ಗಿ ಮೌನವನ್ನು ತಿನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಸಬ್‌ಟೈಟಲ್ ಇಟ್ಟುಕೊಂಡು, ನಕ್ಕ ದೃಶ್ಯವನ್ನು ಓದದೆ ಇನ್ನೊಮ್ಮೆ ನೋಡಿ.